ಹದಿನಾಲ್ಕನೇ ನಂಬರಿನ ಕ್ಲಿಪ್ಪು

ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯಲ್ಲಿ ನಾಲ್ಕು ಕ್ಲಿಪ್ಪುಗಳಿರಬೇಕಿತ್ತು. ಮೂರು ಇದ್ದವು.

ಬಟ್ಟೆ ಒಣಹಾಕುವ ಮಾಮೂಲಿ ಪ್ಲಾಸ್ಟಿಕ್ ಕ್ಲಿಪ್ಪುಗಳು, ಹಳದಿ ಬಣ್ಣದವು. ಒಂದೊಂದರ ಮೇಲೂ ಕೆಂಪು ನೇಲ್ ಪಾಲಿಶ್‌ನಲ್ಲಿ ಹದಿನಾಲ್ಕು ಎಂದು ಅಂಕಿ ಬರೆದಿತ್ತು. ಕತ್ತಲಲ್ಲಿ ಬೆರಳಾಡಿಸಿದರೂ ಗೊತ್ತಾಗುವಷ್ಟು ದಪ್ಪಗೆ ಬರೆದಿತ್ತು. ಅಳತೆಗಾರ ಡಬ್ಬಿಯನ್ನು ತಲೆಕೆಳಗು ಮಾಡಿ ಅಲುಗಿಸಿದ. ಬಿಸ್ಕತ್ತಿನ ಪುಡಿ ಉದುರಿತು. ಹಾಸಿಗೆಯ ಕೆಳಗೆ ನೋಡಿದ, ಪ್ಯಾಂಟಿನ ಜೇಬುಗಳನ್ನು ಒಳಗಿನದು ಹೊರಗಾಗುವಂತೆ ಎಳೆದ. ಜೇಬುಗಳು ಬಾಯಾರಿದ ನಾಯಿಯ ನಾಲಿಗೆಯ ಹಾಗೆ ಜೋತುಬಿದ್ದವು. ಕ್ಲಿಪ್ಪು ಇರಲಿಲ್ಲ.

"ಏನ್ರೀ ಹುಡುಕ್ತಿದ್ದೀರಿ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಏನಿಲ್ಲ."

ಮದುವೆಯಾಗಿ ಏಳು ವರ್ಷವಾಗಿತ್ತು. ಈ 'ಏನಿಲ್ಲ' ಎಂದರೆ ಏನೋ ಇದೆ, ಅದನ್ನು ಇವನು ಎಲ್ಲೋ ಬಿಟ್ಟು ಬಂದಿದ್ದಾನೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಕೊಡೆಗಳನ್ನು ಬಸ್ಸಿನಲ್ಲಿ ಬಿಟ್ಟಿದ್ದ, ಕನ್ನಡಕವನ್ನು ಬ್ಯಾಂಕಿನಲ್ಲಿ ಬಿಟ್ಟಿದ್ದ. ಒಮ್ಮೆ ಹೆಂಡತಿಯ ಅಣ್ಣನನ್ನು ಕರೆದುಕೊಂಡು ಬರಲು ರೈಲು ನಿಲ್ದಾಣಕ್ಕೆ ಹೋಗಿ, ಪತ್ರಿಕೆ ಕೊಂಡು, ಪತ್ರಿಕೆಯೊಂದಿಗೆ ಮನೆಗೆ ಬಂದಿದ್ದ.

ಆದರೆ ಕ್ಲಿಪ್ಪಿನ ವಿಷಯ ಬೇರೆ.

ಅಳತೆಗಾರ ಕೆಲಸ ಮಾಡುತ್ತಿದ್ದುದು ನೀರಿನಡಿಯ ಸಮೀಕ್ಷೆಯ ಕಚೇರಿಯಲ್ಲಿ. ಹಿಂದೆ ಯುದ್ಧ ನಡೆದಾಗ ಕಡಲಂಚಿನ ಒಂದು ಗುಹೆಯಲ್ಲಿ ಕಾವಲು ದೋಣಿಯೊಂದನ್ನು ಬಚ್ಚಿಟ್ಟಿದ್ದರು. ಬಾಂಬು ಬಿದ್ದು ಗುಹೆಯ ನೆಲ ಕುಸಿಯಿತು, ನೀರು ತುಂಬಿತು, ದೋಣಿ ಇದ್ದಲ್ಲೇ ಮುಳುಗಿತು. ಈಗ ಅದು ಗುಹೆಯ ಬಾಯಿಂದ ಅರವತ್ತು ಮೀಟರ್ ಒಳಗೆ, ಕಗ್ಗತ್ತಲಲ್ಲಿ ಕೂತಿದೆ. ಅದನ್ನು ಇಂಚಿಂಚು ಅಳೆದು ಕಾಗದದ ಮೇಲೆ ಇಳಿಸುವುದು ಕಚೇರಿಯ ಕೆಲಸ. ಗುಹೆಯ ಬಾಯಿಂದ ದೋಣಿಯವರೆಗೆ ಹಗ್ಗ ಕಟ್ಟಿದ್ದಾರೆ. ಒಳಗೆ ಕೆಸರು ಎದ್ದರೆ ಟಾರ್ಚು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಗ್ಗ ಹಿಡಿದುಕೊಂಡೇ ಹೊರಗೆ ಬರಬೇಕು.

ಬಾಯಿಯ ಹತ್ತಿರ, ಎದೆಮಟ್ಟದ ನೀರಿನಲ್ಲಿ, ಆ ಹಗ್ಗ ಒಂದು ಕಬ್ಬಿಣದ ಬಳೆಗೆ ಬಿಗಿದಿದೆ. ಒಳಗೆ ಹೋಗುವವರು ತಮ್ಮ ನಂಬರಿನ ನಾಲ್ಕು ಕ್ಲಿಪ್ಪುಗಳಲ್ಲಿ ಒಂದನ್ನು ಅಲ್ಲಿ ಸಿಕ್ಕಿಸಿ ಹೋಗಬೇಕು, ಹೊರಬರುವಾಗ ತೆಗೆದುಕೊಂಡು ಬರಬೇಕು. ಕ್ಲಿಪ್ಪು ಹಗ್ಗದ ಮೇಲಿದ್ದರೆ ಮನುಷ್ಯ ಒಳಗಿದ್ದಾನೆ. ಇದರಲ್ಲಿ ವಾದವಿಲ್ಲ. ಒಳಗೆ ಬಿಡುವ ಮೊದಲು ಕಚೇರಿಯ ಮುಖ್ಯಸ್ಥೆ ಮೇಡಂ ಪ್ರತಿಯೊಬ್ಬರಿಗೂ ಇದನ್ನು ಮೂರು ಸಲ ಹೇಳಿಸುತ್ತಿದ್ದರು.

ನಾಲ್ಕು ವರ್ಷ ದಿನಾ ಮಾಡಿ ಮಾಡಿ, ಕ್ಲಿಪ್ಪು ಸಿಕ್ಕಿಸುವ ಕೆಲಸವನ್ನು ಅಳತೆಗಾರನ ಬಲಗೈ ತಲೆಯನ್ನು ಕೇಳದೆ ತಾನೇ ನಡೆಸಿಕೊಂಡು ಹೋಗುತ್ತಿತ್ತು. ತೆಗೆಯುವ ಕೆಲಸ ಮಾತ್ರ ಇನ್ನೂ ತಲೆಯ ಪಾಲಿಗೇ ಇತ್ತು. ಆ ತಲೆ ಎರಡು ಸಲ ಮರೆತಿತ್ತು. ಮೊದಲನೆಯ ಸಲ ಮೇಡಂ ಬಾಯಲ್ಲಿ ಹೇಳಿದರು. ಎರಡನೆಯ ಸಲ ಕಾಗದದಲ್ಲಿ ಬರೆದು ಕೊಟ್ಟರು: ಮತ್ತೊಮ್ಮೆ ಮರೆತರೆ ನೀರಿನಲ್ಲಿ ಮುಳುಗುವ ಅನುಮತಿಯ ಕಾರ್ಡು ಹಿಂದಕ್ಕೆ, ಮಹಡಿಯ ಕೋಣೆಯಲ್ಲಿ ಕೂತು ತುಕ್ಕು ಹಿಡಿದ ಮೊಳೆಗಳಿಗೆ ಚೀಟಿ ಅಂಟಿಸುವ ಕೆಲಸ, ಅಳತೆಯ ಟೇಪು ಅಂದಾಜಿನ ಕೈಗೆ.

ಅಂದಾಜು ಎಂಬುದು ಅವನ ಸಹೋದ್ಯೋಗಿಗೆ ಕಚೇರಿಯವರು ಇಟ್ಟ ಹೆಸರು. ಟೇಪು ಹಿಡಿದರೆ ಕೈ ನೋಯುತ್ತದೆ ಎಂದು ಅವನು ಎರಡು ಕೈ ಚಾಚಿ ನೋಡಿ "ಒಂದು ಎರಡು ಮಾರು ಇರ್ಬೋದು" ಎಂದು ಬರೆಯುತ್ತಿದ್ದ. ಅಳತೆಗಾರನ ನಕ್ಷೆಯಲ್ಲಿ ದೋಣಿ ಪೂರ್ತಿಯಾಗಿತ್ತು, ಹಿಂಬದಿಯ ಒಂದೂವರೆ ಮೀಟರ್ ಬಿಟ್ಟು. ಆ ಜಾಗ ಕಾಗದದ ಮೇಲೆ ಇನ್ನೂ ಬೆಳ್ಳಗಿತ್ತು. ಅಲ್ಲಿ ಅಂದಾಜಿನ 'ಇರ್ಬೋದು' ಬಂದು ಕೂರುವುದನ್ನು ನೆನೆದರೆ ಅಳತೆಗಾರನಿಗೆ ಅನ್ನ ಇಳಿಯುತ್ತಿರಲಿಲ್ಲ.

ಒಂದೇ ಒಂದು ಸಮಾಧಾನವಿತ್ತು. ಸಂಜೆ ಎಲ್ಲರೂ ಹೋದ ಮೇಲೆ ಗಾಜಿನ ತಳದ ಬಕೆಟ್ಟನ್ನು ನೀರಿಗೊತ್ತಿ ಬಳೆಯ ಹತ್ತಿರ ಕ್ಲಿಪ್ಪು ಉಳಿದಿದೆಯೇ ಎಂದು ನೋಡುವವನು ಕಾವಲುಗಾರ. ನಿನ್ನೆ ಅವನು ಹಲ್ಲು ಕೀಳಿಸಿಕೊಳ್ಳಲು ಮಧ್ಯಾಹ್ನವೇ ಹೋಗಿದ್ದ. ಇವತ್ತು ಬರುವುದು ಹತ್ತು ಗಂಟೆಗೆ. ಈಗ ಎಂಟೂಕಾಲು.

ಮೂರು ಕ್ಲಿಪ್ಪುಗಳನ್ನೂ ಸೊಂಟಕ್ಕೆ ಕಟ್ಟುವ ಪುಟ್ಟ ಚೀಲಕ್ಕೆ ತುಂಬಿ, ಚೀಲವನ್ನು ಜೇಬಿಗಿಳಿಸಿ, ಅಳತೆಗಾರ ಚಪ್ಪಲಿ ಮೆಟ್ಟಿದ.

"ಎಲ್ಲಿಗೆ?"

"ಕಟಿಂಗ್‌ಗೆ."

ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಎರಡು ತಿಂಗಳಿಂದ ಬಡ್ಕೋತಿದ್ದೀನಿ. ಇವತ್ತೇನು ಜ್ಞಾನೋದಯ?"

"ರಜಾ ಅಲ್ವಾ."

"ಮಧ್ಯಾಹ್ನ ಅಣ್ಣ ಊಟಕ್ಕೆ ಬರ್ತಾನೆ. ನೀವೇನೂ ಕರ್ಕೊಂಡು ಬರೋದು ಬೇಡ, ಅವನೇ ಬರ್ತಾನೆ."

ಒಬ್ಬನೇ ಗುಹೆಗೆ ಇಳಿಯುವುದು ನಿಯಮಕ್ಕೆ ವಿರುದ್ಧ. ಅದಕ್ಕೆ ಏನು ಶಿಕ್ಷೆ ಎಂದು ಎಲ್ಲಿಯೂ ಬರೆದಿರಲಿಲ್ಲ, ಅಷ್ಟು ಬುದ್ಧಿಗೇಡಿ ಕೆಲಸವನ್ನು ಅದುವರೆಗೆ ಯಾರೂ ಮಾಡಿರಲಿಲ್ಲವಾದ್ದರಿಂದ. ಅಳತೆಗಾರ ಸಾಮಾನಿನ ಕೋಣೆಯ ಬೀಗ ತೆಗೆದ, ರಬ್ಬರ್ ಸೂಟು ಎಳೆದುಕೊಂಡ, ಸಿಲಿಂಡರ್ ಬೆನ್ನಿಗೇರಿಸಿದ, ಚೀಲ ಸೊಂಟಕ್ಕೆ ಕಟ್ಟಿದ. ಒಂಬತ್ತಕ್ಕೆ ಸರಿಯಾಗಿ ನೀರಿನಲ್ಲಿದ್ದ.

ಬಳೆಯ ಹತ್ತಿರ ಹಳದಿ ಬಣ್ಣ ಕಾಣಲಿಲ್ಲ. ಮರುಕ್ಷಣವೇ ನೆನಪಾಯಿತು: ಟೇಪಿನ ತುದಿಯನ್ನು ದೋಣಿಗೆ ಕಚ್ಚಿಸಲು ಕೆಲವೊಮ್ಮೆ ಒಂದು ಕ್ಲಿಪ್ಪು ಬಳಸುವುದುಂಟು. ಅಲ್ಲೇ ಉಳಿದಿರಬೇಕು. ನಾಳೆ ಬೆಳಿಗ್ಗೆ ಅದನ್ನು ಅಲ್ಲಿ ಯಾರು ಕಂಡರೂ ಕಾರ್ಡು ಹೋದ ಹಾಗೆಯೇ. ಹಗ್ಗ ಹಿಡಿದು ಒಳಗೆ ಹೋದ.

ದೋಣಿ ಎಂದಿನಂತೆ ಸ್ವಲ್ಪ ಬಲಕ್ಕೆ ವಾಲಿಕೊಂಡು ಕೂತಿತ್ತು. ಚುಕ್ಕಾಣಿಯ ಪಕ್ಕದ ಮೊಳೆಯಲ್ಲಿ ಯಾರೋ ಸೈನಿಕ ತೊಳೆದು ನೇತುಹಾಕಿದ ಎನಾಮೆಲ್ ಲೋಟ ಇನ್ನೂ ಹಾಗೇ ನೇತಾಡುತ್ತಿತ್ತು. ತೆಗೆದುಕೊಳ್ಳಲು ಅವನು ಬಂದಿರಲಿಲ್ಲ. ಅಳತೆಗಾರ ಅಂಚಿನುದ್ದಕ್ಕೂ ಟಾರ್ಚು ಬಿಟ್ಟ, ಸಂದುಗೊಂದುಗಳಲ್ಲಿ ಬೆರಳು ತೂರಿಸಿದ. ಒಂದು ಏಡಿ ಬೇಸರದಿಂದ ಪಕ್ಕಕ್ಕೆ ಸರಿಯಿತು. ಕ್ಲಿಪ್ಪು ಇರಲಿಲ್ಲ.

ಇಲ್ಲ ಎಂದರೆ ಇಲ್ಲ. ಎಲ್ಲೋ ಬಿದ್ದು ಕೊಚ್ಚಿಹೋಗಿದೆ. ಕ್ಲಿಪ್ಪೇ ಇಲ್ಲದ ಮೇಲೆ ಮರೆತದ್ದೂ ಇಲ್ಲ. ಅಳತೆಗಾರ ಹಗುರಾಗಿ, ಬಾಯಲ್ಲಿ ಉಸಿರಿನ ಕೊಳವೆಯಿದ್ದದ್ದರಿಂದ ಮನಸ್ಸಿನಲ್ಲೇ ಹಾಡಿಕೊಳ್ಳುತ್ತ ಹೊರಬಂದ. ಸೂಟನ್ನು ಮೊಳೆಗೆ ತೂಗುಹಾಕಿ, ಬೀಗ ಜಡಿದು ರಸ್ತೆಗೆ ಬಂದಾಗ ಹತ್ತಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಹೆಂಡತಿಗೆ ಹೇಳಿದ ಸುಳ್ಳನ್ನು ನಿಜ ಮಾಡಿಬಿಡೋಣ ಎಂದು ಹತ್ತಿರದಲ್ಲೇ, ಬಂದರಿನ ರಸ್ತೆಯಲ್ಲಿದ್ದ ಕಟಿಂಗ್ ಅಂಗಡಿಗೆ ಹೊಕ್ಕ. ಅವನು ಎಂದೂ ಹೋಗದ ಅಂಗಡಿ. ಮುಂದೆ ಇಬ್ಬರಿದ್ದರು. ಕಾದು, ಕುರ್ಚಿ ಹತ್ತಿದ. ಕ್ಷೌರಿಕ ಕುತ್ತಿಗೆಗೆ ಬಿಳಿ ಬಟ್ಟೆ ಬಿಗಿದು, ತಲೆಯ ಎಡಭಾಗದಿಂದ ಶುರು ಮಾಡಿದ. ನಿಧಾನದ ಕೈ. ಒಂದೊಂದು ಕೂದಲಿಗೂ ಅದರ ಒಪ್ಪಿಗೆ ಕೇಳಿ ಕತ್ತರಿಸುವಂತಿತ್ತು.

ಎಡಭಾಗ ಮುಗಿಯುವ ಹೊತ್ತಿಗೆ ಎದುರಿನ ಹಗ್ಗದ ಅಂಗಡಿಯವನು ಒಳಗೆ ಬಂದು ಬೆಂಚಿನ ಮೇಲೆ ಕೂತ.

"ಗುಹೆಯಲ್ಲಿ ಒಬ್ಬ ಹೋದನಂತೆ."

"ಎಲ್ಲಿಗೆ ಹೋದ?" ಎಂದ ಕ್ಷೌರಿಕ.

"ಹೋದ ಅಂದ್ರೆ ಹೋದ ಕಣಯ್ಯ. ವಾಪಸ್ ಬರೋ ಜಾಗಕ್ಕಲ್ಲ."

ಕತ್ತರಿ ನಿಂತಿತು. "ಯಾರು?"

"ಟೇಪು ಹಿಡ್ಕೊಂಡು ದೋಣಿ ಅಳೀತಾನಲ್ಲ, ಅವನು. ಬಲು ಮರೆಗುಳಿಯಂತೆ. ಒಳಗೆ ಹೋಗಿ ಉಸಿರಾಡೋದನ್ನೇ ಮರೆತನೋ ಏನೋ."

ಕ್ಷೌರಿಕ ನಕ್ಕ. ಕನ್ನಡಿಯಲ್ಲಿ ಅವನ ಮುಖ ನೋಡಿ ಅಳತೆಗಾರನೂ ಮರ್ಯಾದೆಗೆ ಸ್ವಲ್ಪ ನಕ್ಕ. ಆಮೇಲೆ ಕೇಳಿದ, "ಹೋದ ಅಂತ ಹೇಗೆ ಗೊತ್ತಾಯ್ತು?"

"ಕಾವಲಿನವನು ಹತ್ತು ಗಂಟೆಗೆ ಬಂದು ಬಕೆಟ್ಟಲ್ಲಿ ನೋಡಿದ್ದಾನೆ. ಹಗ್ಗದ ಮೇಲೆ ಹದಿನಾಲ್ಕನೇ ನಂಬರಿನ ಕ್ಲಿಪ್ಪು. ಮನೆಗೆ ಫೋನ್ ಮಾಡಿದ್ರೆ, ಕಟಿಂಗ್‌ಗೆ ಹೋಗಿದ್ದಾರೆ ಅಂದ್ರಂತೆ ಹೆಂಡ್ತಿ. ಅವನು ಯಾವಾಗ್ಲೂ ಹೋಗೋ ಅಂಗಡೀಲಿ ವಿಚಾರಿಸಿದ್ರೆ ಆಸಾಮಿ ಆ ಕಡೆ ಸುಳಿದೇ ಇಲ್ಲ."

"ಹೆಂಡ್ತಿಗೆ ಸುಳ್ಳು ಹೇಳಿ ಹೋಗಿದ್ದಾನೆ ಅನ್ನು."

"ಅದೇ ಕೊನೇ ಸುಳ್ಳಾಯ್ತು ನೋಡು. ಪಾಪ, ಒಳ್ಳೆ ಮನುಷ್ಯ."

"ಈಗ ತಾನೇ ಮರೆಗುಳಿ ಅಂದ್ರಿ."

"ಅದು ಬದುಕಿದ್ದಾಗ."

ಬಿಳಿ ಬಟ್ಟೆಯ ಕೆಳಗೆ ಅಳತೆಗಾರ ತನ್ನ ಬಲಗೈಯನ್ನು ನೋಡಿಕೊಂಡ. ಅದು ಏನೂ ಅರಿಯದ ಹಾಗೆ ತೊಡೆಯ ಮೇಲೆ ಮಲಗಿತ್ತು. ಬೆಳಿಗ್ಗೆ ಒಳಗೆ ಹೋಗುವಾಗ ಬಳೆಯ ಹತ್ತಿರ ಅದು ತನ್ನ ನಿತ್ಯದ ಕೆಲಸ ಮಾಡಿಬಿಟ್ಟಿತ್ತು. ಮರೆತ ಕ್ಲಿಪ್ಪನ್ನು ಹುಡುಕುವ ಭರದಲ್ಲಿ ಅವನು ಹೊಸದೊಂದನ್ನು ಮರೆತು ಬಂದಿದ್ದ.

'ನಾನಿಲ್ಲಿದ್ದೀನಿ' ಎಂದು ಎದ್ದು ನಿಂತರೆ ಮುಗಿಯುತ್ತಿತ್ತು. ಆದರೆ ಹಾಗೆಂದ ಕೂಡಲೇ ಮೇಡಂ ಕೇಳುವ ಮೊದಲ ಮಾತು, ಹಾಗಾದರೆ ಕ್ಲಿಪ್ಪು ಯಾಕೆ ಅಲ್ಲಿದೆ ಎಂದು. ಬದುಕಿದ್ದಾನೆ ಎಂದಾದರೆ ಕಾರ್ಡು ಹೋಗುತ್ತದೆ. ಕಾರ್ಡು ಉಳಿಯಬೇಕಾದರೆ ಸತ್ತಿರಬೇಕು. ಎರಡರ ಮಧ್ಯೆ ಒಂದೇ ದಾರಿಯಿತ್ತು: ಮೇಡಂ ತಮ್ಮ ಕಣ್ಣಿಂದ ನೋಡುವ ಮೊದಲು ಆ ಕ್ಲಿಪ್ಪು ಅಲ್ಲಿಂದ ಮಾಯವಾಗಬೇಕು.

ಅವನು ಕುರ್ಚಿಯಿಂದ ಜಿಗಿದ.

"ಸ್ವಾಮಿ, ಬಲಗಡೆ ಬಾಕಿ ಇದೆ," ಎಂದ ಕ್ಷೌರಿಕ.

ಅಳತೆಗಾರ ಆಗಲೇ ರಸ್ತೆಯಲ್ಲಿ ಓಡುತ್ತಿದ್ದ. ಕುತ್ತಿಗೆಗೆ ಬಿಗಿದ ಬಿಳಿ ಬಟ್ಟೆ ಹಿಂದೆ ಹಾರುತ್ತಿತ್ತು.

ಗುಹೆಯ ಮುಂದೆ ಜಾತ್ರೆಯಷ್ಟು ಜನ ಸೇರಿದ್ದರು. ಯಾರ ಕಣ್ಣೂ ನೀರಿನಿಂದ ಈಚೆಗಿರಲಿಲ್ಲ. ಅಳತೆಗಾರ ಹಿಂಬದಿಯಿಂದ ಸುತ್ತಿ ಸಾಮಾನಿನ ಕೋಣೆ ಸೇರಿದ. ಅವನ ಸೂಟು ಮೊಳೆಯಲ್ಲಿರಲಿಲ್ಲ. ಗಡಿಬಿಡಿಯಲ್ಲಿ ಅಂದಾಜು ಅದನ್ನೇ ತನ್ನದೆಂದುಕೊಂಡು ಹಾಕಿಕೊಂಡು ಹೋಗಿದ್ದ. ಸತ್ತವನ ಸೂಟು ಮೊಳೆಯ ಮೇಲೆ ಹೇಗಿದೆ, ಒದ್ದೆ ಯಾಕಾಗಿದೆ ಎಂಬುದನ್ನು ಅಂದಾಜು ಅಂದಾಜು ಮಾಡಿರಲಿಲ್ಲ. ಉಳಿದಿದ್ದದ್ದು ಅಂದಾಜಿನ ಸೂಟು, ಮೊಣಕಾಲಿಗೆ ಹಸಿರು ತೇಪೆ ಹಾಕಿದ್ದು. ಅಳತೆಗಾರನಿಗೆ ಅದು ಡೇರೆಯಷ್ಟು ಸಡಿಲವಾಗಿತ್ತು. ಅರ್ಧ ಕತ್ತರಿಸಿದ ತಲೆಯನ್ನು ರಬ್ಬರ್ ಟೋಪಿಯೊಳಗೆ ತುರುಕಿ, ಮಾಸ್ಕು ಏರಿಸಿ, ಚೀಲ ಕಟ್ಟಿಕೊಂಡು ನೀರಿಗೆ ಬಂದ.

ಮೇಡಂ ಸೊಂಟಮಟ್ಟದ ನೀರಿನಲ್ಲಿ ಸೀರೆಯುಟ್ಟೇ ನಿಂತಿದ್ದರು. ಕಚೇರಿಯವರಲ್ಲದೆ ಬಂದರಿನಿಂದಲೂ ನಾಲ್ವರು ಮುಳುಗುಗಾರರು ಬಂದಿದ್ದರು. ಎಲ್ಲರ ಕಾಲಡಿಯಲ್ಲಿ ಕೆಸರೆದ್ದು ನೀರು ಚಹಾದ ಹಾಗಾಗಿತ್ತು. ಕಾವಲುಗಾರ ಬಕೆಟ್ಟು ಒತ್ತಿ ಒತ್ತಿ ನೋಡಿದರೂ ಮೇಡಂಗೆ ತೋರಿಸಲು ಏನೂ ಕಾಣುತ್ತಿರಲಿಲ್ಲ.

"ಅಂದಾಜು, ಇಷ್ಟು ಹೊತ್ತು ಎಲ್ಲಿದ್ರಿ? ಇಳೀರಿ," ಎಂದರು ಮೇಡಂ, ಹಸಿರು ತೇಪೆಯನ್ನು ನೋಡಿ.

ಅಳತೆಗಾರ ತಲೆಯಾಡಿಸಿ ಎಲ್ಲರಿಗಿಂತ ಹಿಂದೆ ಮುಳುಗಿದ. ಬಳೆಯ ಹತ್ತಿರ ಏನೂ ಕಾಣದು. ಎಡಗೈಯಿಂದ ಒಂದೊಂದೇ ಕ್ಲಿಪ್ಪು ಮುಟ್ಟುತ್ತ ಹೋದ. ಮೂರು, ಒಂಬತ್ತು, ಇಪ್ಪತ್ತು. ಕೊನೆಗೆ ಬೆರಳಿಗೆ ತನ್ನ ಹದಿನಾಲ್ಕರ ದಪ್ಪ ನೇಲ್ ಪಾಲಿಶ್ ಉಬ್ಬು ಸಿಕ್ಕಿತು. ಎಡಗೈ ಕ್ಲಿಪ್ಪನ್ನು ಕಿತ್ತು ಸೂಟಿನ ತೋಳಿನೊಳಗೆ ತೂರಿಸಿತು. ಹಿಂದಕ್ಕೆ ತಿರುಗೋಣವೆಂದರೆ ಮೇಡಂ ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ತನ್ನನ್ನು ಹುಡುಕಲು ತಾನೂ ಹೋದ.

ಒಳಗೆ ಟಾರ್ಚುಗಳು ಅತ್ತಿತ್ತ ಓಡಾಡುತ್ತಿದ್ದವು. ದೋಣಿಯ ಕೋಣೆಯ ಕಿಟಕಿಗೆ ಮುಖವೊತ್ತಿ ಒಬ್ಬ ಅವನನ್ನು ಹುಡುಕಿದ. ಇನ್ನೊಬ್ಬ ದೋಣಿಯ ಅಡಿಯಲ್ಲಿ ಕೈಹಾಕಿ ಅವನನ್ನು ಹುಡುಕಿದ. ಬಂದರಿನವನೊಬ್ಬ ಹತ್ತಿರ ಬಂದು ಅಳತೆಗಾರನ ಭುಜ ತಟ್ಟಿ, ಸಿಗುವ ಆಸೆಯಿಲ್ಲ ಎಂಬಂತೆ ಕೈ ಅಲ್ಲಾಡಿಸಿದ. ಅಳತೆಗಾರನೂ ಆಸೆಯಿಲ್ಲ ಎಂದು ಕೈ ಅಲ್ಲಾಡಿಸಿದ.

ಆಗ ದೋಣಿಯ ಹಿಂಬದಿಯಲ್ಲಿ ಅವನಿಗೊಂದು ದೃಶ್ಯ ಕಂಡಿತು. ಅವನದೇ ಸೂಟು ಅಲ್ಲಿ ತೇಲುತ್ತಿತ್ತು. ಒಳಗಿದ್ದವನು ಅಂದಾಜು. ಬೆಳ್ಳಗೆ ಉಳಿದಿದ್ದ ಆ ಒಂದೂವರೆ ಮೀಟರಿನ ಮುಂದೆ ಅವನು ಎರಡು ಕೈ ಚಾಚಿ, ತಲೆ ವಾರೆ ಮಾಡಿ ನೋಡುತ್ತಿದ್ದ. ಹೆಣ ಸಿಗುವ ಮೊದಲೇ ಅಳತೆ ಶುರುವಾಗಿತ್ತು. ಅಳತೆಗಾರನ ಬಾಯಿಂದ ದೊಡ್ಡದೊಂದು ಗುಳ್ಳೆ ಹೊರಟು ಗುಹೆಯ ಚಾವಣಿಗೆ ಬಡಿಯಿತು. ಆ ಗುಳ್ಳೆಯಲ್ಲಿದ್ದ ಮಾತನ್ನು ಮನೆಯಲ್ಲಿ ಆಡುವಂತಿರಲಿಲ್ಲ.

ಸಿಲಿಂಡರಿನ ಗಾಳಿ ಮುಗಿಯುತ್ತ ಬಂದಂತೆ ಒಬ್ಬೊಬ್ಬರೇ ಹಿಂತಿರುಗಿದರು. ಕ್ಲಿಪ್ಪು ತೋಳಿನಲ್ಲಿ ಭದ್ರವಾಗಿತ್ತು. ಅಳತೆಗಾರ ಬಳೆಯ ಕಡೆ ನೋಡದೆ ಕೊನೆಯವನಾಗಿ ಮೇಲೆ ಬಂದ. ಮೇಡಂ ಅವನ ದಾರಿ ತಡೆದರು.

"ಅಂದಾಜು, ಒಂದೇ ಮಾತು ಹೇಳಿ. ಹದಿನಾಲ್ಕು ಹಗ್ಗದ ಮೇಲಿದೆಯೋ ಇಲ್ವೋ? ಇರ್ಬೋದು ಗಿರ್ಬೋದು ಬೇಡ."

ಅಳತೆಗಾರ ಮಾಸ್ಕು ತೆಗೆಯದೆ, ಇಲ್ಲ ಎಂದು ಗಟ್ಟಿಯಾಗಿ ತಲೆಯಾಡಿಸಿದ.

"ನಿಮ್ಮ ಜೀವಮಾನದಲ್ಲಿ ಮೊದಲ ಸಲ ಖಚಿತವಾಗಿ ಉತ್ತರ ಕೊಟ್ರಿ," ಎಂದರು ಮೇಡಂ. ಆಮೇಲೆ ಕಾವಲುಗಾರನ ಕಡೆ ತಿರುಗಿದರು.

ಐದು ನಿಮಿಷದ ನಂತರ ಅಳತೆಗಾರ ತನ್ನ ಬಟ್ಟೆಯಲ್ಲಿ, ಕುತ್ತಿಗೆಗೆ ಬಿಳಿ ಬಟ್ಟೆಯೊಂದಿಗೆ, ಮುಂದಿನ ಗೇಟಿನಿಂದ ನಡೆದು ಬಂದ. ಎಡಗಡೆ ಸಣ್ಣ ಕೂದಲು, ಬಲಗಡೆ ಎರಡು ತಿಂಗಳ ಕಾಡು.

"ಇದೇನು ಇಷ್ಟು ಜನ?" ಎಂದ.

ಜನ ಬಾಯಿ ತೆರೆದುಕೊಂಡು ನಿಂತರು. ಅಷ್ಟರಲ್ಲಿ ಕತ್ತರಿ ಹಿಡಿದ ಕ್ಷೌರಿಕ ಏದುಸಿರು ಬಿಡುತ್ತ ಗುಂಪನ್ನು ಸೀಳಿಕೊಂಡು ಬಂದ. "ನನ್ನ ಬಟ್ಟೆ ತಗೊಂಡು ಓಡಿಹೋದ್ರಲ್ಲ ಸ್ವಾಮಿ. ಇರೋದೇ ಎರಡು."

"ಇವರು ನಿಮ್ಮ ಅಂಗಡೀಲಿದ್ರಾ?" ಮೇಡಂ ಕೇಳಿದರು.

"ಹತ್ತು ಗಂಟೆ ಹೊಡೆಯೋ ಮುಂಚೆ ಬಂದು ಕೂತೋರು. ಯಾರೋ ಹೋದ್ರು ಅನ್ನೋ ಸುದ್ದಿ ಕೇಳಿ, ಅರ್ಧ ತಲೇಲೇ ಎದ್ದು ಓಡಿದ್ರು. ಸತ್ತವರು ಹತ್ತಿರದವರು ಅಂದ್ಕೊಂಡೆ."

"ತೀರಾ ಹತ್ತಿರದವರು," ಎಂದ ಅಳತೆಗಾರ.

ಅರ್ಧ ತಲೆಗಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಮೇಡಂ ಒದ್ದೆ ಸೆರಗು ಹಿಂಡುತ್ತ ಕಾವಲುಗಾರನಿಗೆ ಹೇಳಿದರು, "ನಿಮ್ಮ ಬಕೆಟ್ಟಿನ ಗಾಜು ಒರೆಸಿ. ಗಾಜು ಸರಿಯಿದ್ರೆ ಕಣ್ಣು ತೋರಿಸ್ಕೊಳ್ಳಿ. ಹನ್ನೆರಡು ಜನ ಜೀವ ಕೈಯಲ್ಲಿ ಹಿಡ್ಕೊಂಡು ಒಳಗೆ ಹೋಗಿ ಬಂದ್ರು."

"ನಾನು ನೋಡಿದ್ದೆ ಮೇಡಂ. ಹಳದಿ. ಹದಿನಾಲ್ಕು." ಹಲ್ಲು ಕಿತ್ತ ಕೆನ್ನೆ ಊದಿಕೊಂಡು ಕಾವಲುಗಾರನ ಮಾತು ಬಾಯಲ್ಲೇ ಅರ್ಧ ಉಳಿಯುತ್ತಿತ್ತು. ಅವನು ಅಳತೆಗಾರನನ್ನು ನೋಡಿದ. "ನೀವೇ ಹೇಳಿ ಅಳತೆ ಸಾರ್, ನಾನು ಯಾವತ್ತಾದ್ರೂ ತಪ್ಪು ನೋಡಿದ್ದೀನಾ?"

ಹೇಳಿಬಿಡೋಣ ಎಂದು ಅಳತೆಗಾರನಿಗೆ ಒಂದು ಕ್ಷಣ ಅನ್ನಿಸಿತು. ಸಣ್ಣ ಕ್ಷಣ, ಬೇಗ ಕಳೆಯಿತು.

"ಪಾಪ, ಹಲ್ಲು ನೋವಲ್ಲಿ ಕಣ್ಣು ಮಂಜಾಗಿರತ್ತೆ," ಎಂದ.

ಮನೆಗೆ ಬಂದಾಗ ಬಾಗಿಲ ಮುಂದೆ ಹದಿನೆಂಟು ಜೊತೆ ಚಪ್ಪಲಿಗಳಿದ್ದವು. ಒಳಗೆ ಬೀದಿಯವರ ಕುರ್ಚಿಗಳೆಲ್ಲ ಬಂದು ಕೂತಿದ್ದ ಕಾರಣ ನಿಲ್ಲಲು ಜಾಗವಿರಲಿಲ್ಲ. ಬದುಕಿದ್ದಾನೆಂಬ ಸುದ್ದಿ ಫೋನಿನಲ್ಲಿ ಅವನಿಗಿಂತ ಮೊದಲೇ ಬಂದಿತ್ತು. ಆದರೆ ತಂದ ಊಟ ತಂದಾಗಿತ್ತು, ಇಟ್ಟ ಚಹಾ ಇಟ್ಟಾಗಿತ್ತು. ಯಾರೂ ಎದ್ದಿರಲಿಲ್ಲ. ಮೇಲ್ಮನೆಯಾಕೆ ಅವನನ್ನು ನೋಡಿ, ಹೇಳಿ ಕಳಿಸಿದ ಸಾಮಾನು ತಡವಾಗಿ ಬಂದಾಗ ನೋಡುವ ಹಾಗೆ ನೋಡಿದಳು.

"ಬಂದ್ಯೇನಪ್ಪ? ನಾನು ಆಗ್ಲೇ ಊರಿಗೆಲ್ಲ ತಿಳಿಸಿಬಿಟ್ಟೆ. ಈಗ ಪ್ರತಿಯೊಬ್ಬರಿಗೂ ಮತ್ತೆ ಫೋನ್ ಮಾಡ್ಬೇಕು."

ಒಳಕೋಣೆಯಿಂದ ಹೆಂಡತಿಯ ಅಣ್ಣ ಬಂದ. ಕಾಲಲ್ಲಿ ಅಳತೆಗಾರನ ಹೊಸ ಬೂಟುಗಳಿದ್ದವು.

"ಏನಿಲ್ಲ ಭಾವ, ಸುಮ್ನೆ ಹಾಕಿ ನೋಡ್ತಿದ್ದೆ. ಸ್ವಲ್ಪ ಬಿಗಿ."

ಹೆಂಡತಿ ಗೋಡೆಯ ಪಕ್ಕದ ಕುರ್ಚಿಯಲ್ಲಿದ್ದಳು. ಬೆಳಿಗ್ಗೆ ಅವಳನ್ನು ಅಲ್ಲಿ ಕೂರಿಸಿದವರು ಮತ್ತೆ ಏಳಲು ಬಿಟ್ಟಿರಲಿಲ್ಲ. ನೀರು ಕುಡಿಯಲು ಎದ್ದರೆ ನೀರು ತಂದುಕೊಡುತ್ತಿದ್ದರು, ಒಣಗಿದ ಬಟ್ಟೆ ತೆಗೆಯಲು ಎದ್ದರೆ ಬಟ್ಟೆ ತೆಗೆಯುತ್ತಿದ್ದರು. ಅವಳ ಮಡಿಲಲ್ಲಿ ಯಾರೋ ಇಟ್ಟ ಕರವಸ್ತ್ರ ಮಡಿಕೆ ಬಿಚ್ಚದೆ ಹಾಗೇ ಇತ್ತು. ಅವನನ್ನು ಮೇಲಿಂದ ಕೆಳಗೆ ನೋಡಿ, "ಅರ್ಧ ಯಾಕೆ?" ಎಂದಳು.

"ಇನ್ನರ್ಧ ಆಮೇಲೆ ಮಾಡಿಸ್ತೀನಿ."

"ಹತ್ತೂವರೆಯಿಂದ ಒಂದೂವರೆವರೆಗೆ ನಾನು ವಿಧವೆಯಾಗಿದ್ದೆ."

ಅವನು ಕೇಳಿದ, "ಹೇಗಿತ್ತು?"

"ಜನ ಜಾಸ್ತಿ," ಎಂದಳು.

ಎದ್ದು ಅಡುಗೆಮನೆಗೆ ಹೋದಳು. ಈ ಸಲ ಯಾರೂ ತಡೆಯಲಿಲ್ಲ. ಅವನೂ ಹಿಂದೆ ಹೋದ. ಅರ್ಧ ಕಲಸಿದ ಹಿಟ್ಟು ಬೆಳಗಿನಿಂದ ಹಾಗೇ ಬಿದ್ದು ಒಣಗಿತ್ತು. ಅವಳು ಅದನ್ನು ಬದಿಗಿಟ್ಟು, ಹೊಸದಾಗಿ ಕಲಸಲು ಹಿಟ್ಟಿನ ಚೀಲ ಎಳೆದುಕೊಂಡಳು. ಚೀಲದ ಬಾಯಿ ಮಡಿಸಿ, ಬಿಚ್ಚದಂತೆ ಒಂದು ಕ್ಲಿಪ್ಪು ಹಾಕಿತ್ತು. ಹಳದಿ. ಅದರ ಮೇಲೆ ಕೆಂಪಗೆ ಹದಿನಾಲ್ಕು.

ಅಳತೆಗಾರ ಅದನ್ನು ನೋಡುತ್ತ ನಿಂತ.

"ಇದು ಇಲ್ಲಿ ಹೇಗೆ ಬಂತು?"

"ನಿನ್ನೆ ರಾತ್ರಿ ನಿಮ್ಮ ಡಬ್ಬೀಲಿ ತಗೊಂಡೆ. ಇಲಿ ಕಾಟ. ಯಾಕೆ?"

"ನಂಗೆ ಹೇಳ್ಬಾರದಿತ್ತಾ?"

"ಬೆಳಿಗ್ಗೆ ಕೇಳಿದ್ನಲ್ಲ, ಏನು ಹುಡುಕ್ತಿದ್ದೀರಿ ಅಂತ. ಏನಿಲ್ಲ ಅಂದ್ರಿ."

ನಿನ್ನೆ ಅವನು ಏನನ್ನೂ ಮರೆತಿರಲೇ ಇಲ್ಲ. ನಾಲ್ಕು ವರ್ಷದಲ್ಲಿ ಕ್ಲಿಪ್ಪು ಕಾಣೆಯಾದರೂ ತಪ್ಪು ತನ್ನದಲ್ಲದ ಒಂದೇ ಒಂದು ದಿನ ಅದು. ಆದರೂ ಹೋಗಲಿ, ಕಾರ್ಡು ಉಳಿಯಿತು. ಆ ಒಂದೂವರೆ ಮೀಟರ್ ಉಳಿಯಿತು. ಬಂದವರೆಲ್ಲ ಊಟ ಮಾಡಿದರು. ಸತ್ತವನ ಮನೆಗೆ ತಂದ ಊಟವನ್ನು ಸತ್ತವನೂ ಎರಡು ಸಲ ಬಡಿಸಿಕೊಂಡು ತಿಂದ. ಬೂಟು ಬಿಗಿಯೆಂದು ಹೆಂಡತಿಯ ಅಣ್ಣ ಇನ್ನೂ ಕುಂಟುತ್ತಿದ್ದ. ಅವನ ಕಾಲಿನಿಂದ ಅವನ್ನು ಬಿಡಿಸಲಾಗದೆ ಮೇಲ್ಮನೆಯಾಕೆ ಒಂದು ಚಮಚ ತೂರಿಸಬೇಕಾಯಿತು.

ನಾಲ್ಕು ಗಂಟೆಗೆ ಜನ ಒಬ್ಬೊಬ್ಬರೇ ಏಳತೊಡಗಿದರು. ಅಳತೆಗಾರ ಮೇಜಿನ ಮುಂದೆ ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡು ಕೂತ. ಹಿಟ್ಟಿನ ಚೀಲಕ್ಕೆ ದಾರ ಕಟ್ಟಿ ಬಿಡಿಸಿಕೊಂಡು ಬಂದ ಕ್ಲಿಪ್ಪನ್ನು ಅದರಲ್ಲಿ ಹಾಕಿದ. ಅಂದಾಜಿನ ಸೂಟಿನ ತೋಳಿನಿಂದ ತನ್ನ ಜೇಬಿಗೆ ಬಂದಿದ್ದನ್ನು ಹಾಕಿದ. ಸೊಂಟದ ಚೀಲ ಬಿಚ್ಚಿ ಸುರಿದ. ಒಂದು ಬಿತ್ತು. ಇನ್ನೊಂದು ಬೀಳಲೆಂದು ಚೀಲವನ್ನು ಕೊಡವಿದ.

ಬೀಳಲಿಲ್ಲ.

ಡಬ್ಬಿಯಲ್ಲಿ ನಾಲ್ಕು ಕ್ಲಿಪ್ಪುಗಳಿರಬೇಕಿತ್ತು. ಮೂರು ಇದ್ದವು.

ಅವನು ನಿಧಾನವಾಗಿ ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ನೋಡಿದ. ಹನ್ನೆರಡು ಗಂಟೆಗೆ, ಬಳೆಯ ಹತ್ತಿರ, ಆ ಕೆಸರು ನೀರಿನಲ್ಲಿ, ಎಡಗೈ ಕ್ಲಿಪ್ಪು ಕೀಳುತ್ತಿದ್ದಾಗ ಬಲಗೈ ಏನು ಮಾಡುತ್ತಿತ್ತು ಎಂದು ಯಾರೂ ನೋಡಿರಲಿಲ್ಲ.

ಫೋನು ರಿಂಗಾಯಿತು.

"ಅಳತೆ ಸಾರ್, ಮನೇಲೇ ಇದ್ದೀರಾ?" ಕಾವಲುಗಾರ. ಕೆನ್ನೆಯ ಊತ ಇಳಿದಿತ್ತು, ಮಾತು ಸ್ಪಷ್ಟವಾಗಿತ್ತು. "ನೀರು ಈಗ ತಿಳಿಯಾಯ್ತು ಸಾರ್. ಮೇಡಂ ಹೇಳಿದ್ರಲ್ಲ, ಗಾಜು ಒರೆಸು ಅಂತ, ಒರೆಸಿದೆ. ಕಣ್ಣು ಸರಿಯಿಲ್ಲ ಅಂದ್ರಲ್ಲ, ಅದಕ್ಕೆ ಈ ಸಲ ನಾನು ನೋಡ್ಲಿಲ್ಲ. ಮೇಡಮ್ಮನ್ನೇ ಮನೆಯಿಂದ ಕರ್ಕೊಂಡು ಬಂದು ಬಕೆಟ್ಟು ಅವರ ಕೈಗೇ ಕೊಟ್ಟೆ."

ಅಳತೆಗಾರ ಡಬ್ಬಿಯ ಮುಚ್ಚಳ ಹಾಕಿದ.

"ಇಲ್ಲೇ ಪಕ್ಕದಲ್ಲಿದ್ದಾರೆ ಸಾರ್. ಬರೋವಾಗ ಕಾರ್ಡು ತಗೊಂಡು ಬರ್ಬೇಕಂತೆ. ಟೇಪೂ ತನ್ನಿ ಅಂದ್ರು. ಅಂದಾಜು ಸಾರ್ ಆಗ್ಲೇ ಬಂದು ಕಾಯ್ತಾ ಇದ್ದಾರೆ."

ಅವನು ಫೋನಿಟ್ಟ.

"ಯಾರು?" ಎಂದಳು ಹೆಂಡತಿ.

"ಕಾವಲಿನವನು."

"ಏನಂತೆ?"

"ನಾನಿನ್ನೂ ಒಳಗೇ ಇದ್ದೀನಂತೆ."

ಬಾಗಿಲಲ್ಲಿ ಒಂದು ಚಪ್ಪಲಿ ಮೆಟ್ಟಿ ಇನ್ನೊಂದಕ್ಕೆ ಕಾಲು ಚಾಚಿದ್ದ ಮೇಲ್ಮನೆಯಾಕೆ, ಮೆಟ್ಟಿದ್ದನ್ನೂ ಬಿಟ್ಟು ಒಳಗೆ ಬಂದಳು. "ಹಾಗಾದ್ರೆ ಚಹಾಕ್ಕೆ ನೀರಿಡ್ತೀನಿ," ಎಂದಳು.